ಹಡಗಿನ ಆಫರೋ, ಊರಿನ ಏಜೆಂಟರೋ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಶಿರಸಿ ಕಡೆ ಈಗ ಮದುವೆ ಊಟಕ್ಕೆ ಕೂತರೂ ಕ್ರೂಸ್ ಮಾತೇ. ಮೊದಲೆಲ್ಲ ಅಡಿಕೆ ಕೊಟ್ಟು ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಕಾಶಿ, ರಾಮೇಶ್ವರ ಅಂತ ಹೊರಡುತ್ತಿದ್ದವರು ಈಗ ಸಿಂಗಾಪುರಕ್ಕೆ ಹೋಗಿ ಹಡಗು ಹತ್ತುತ್ತಾರೆ, ಇಲ್ಲವೇ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೋಗುವ ಹಡಗು ಹಿಡಿಯುತ್ತಾರೆ. ದುಡಿದ ದುಡ್ಡು, ಹೋಗಲಿ ಬಿಡಿ, ಸಂತೋಷವೇ. ಆದರೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಇಷ್ಟು ವರ್ಷ ಟಿಕೆಟ್ ಮಾಡಿಸಿದ ಊರಿನ ಏಜೆಂಟರ ಹತ್ತಿರವೇ ಬುಕ್ ಮಾಡಬೇಕೋ, ಅಥವಾ ಮೊಬೈಲಲ್ಲಿ ನೂರು ಡಾಲರ್ ಕ್ರೆಡಿಟ್, ವೈಫೈ ಫ್ರೀ, ಡ್ರಿಂಕ್ಸ್ ಫ್ರೀ ಅಂತ ಕರೆಯುವ ಸೈಟಲ್ಲೋ?

ನಾನು ಎರಡೂ ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿವೃತ್ತ ಹೈಸ್ಕೂಲು ಶಿಕ್ಷಕಿ, ಮನೆಯಲ್ಲಿ ಸ್ವಲ್ಪ ತೋಟ ಇದೆ. ನಮ್ಮ ಏಜೆಂಟರದ್ದು ಪೇಟೆಯಲ್ಲಿ ಎರಡು ಕುರ್ಚಿ, ಒಂದು ಕಂಪ್ಯೂಟರಿನ ಸಣ್ಣ ಆಫೀಸು. ಕಾಶಿ, ಗಯಾ ಎಲ್ಲ ಅವರೇ ಮಾಡಿಸಿದ್ದು. ಮೊದಲ ಸಲ ಹಡಗು ಬುಕ್ ಮಾಡಿದ್ದೂ ಅವರ ಹತ್ತಿರವೇ, 2020ರ ಏಪ್ರಿಲಿಗೆ. ಘಟ್ಟದ ಮೇಲಿನವರು, ಕುಮಟಾ, ಹೊನ್ನಾವರದವರು ಸೇರಿ ಹದಿನಾರು ಜನ, ಎಂಟು ರೂಮು.

ಆ ವರ್ಷ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತುಬಿಟ್ಟಿತು, ಅದರಲ್ಲಿದ್ದ 3,700 ಚಿಲ್ಲರೆ ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೊರೊನಾ ತಗುಲಿತು. ಮಾರ್ಚ್ ಮಧ್ಯಕ್ಕೆ ಪ್ರಪಂಚದ ಕ್ರೂಸ್ ಹಡಗುಗಳೆಲ್ಲ ಒಂದೊಂದಾಗಿ ನಿಂತವು. ನಮ್ಮದೂ ರದ್ದು. ಆಗ ಬಹಳಷ್ಟು ಕಂಪನಿಗಳು ಎರಡು ದಾರಿ ಕೊಟ್ಟಿದ್ದವು: ಕಟ್ಟಿದ ದುಡ್ಡು ಪೂರ್ತಿ ವಾಪಸ್, ಇಲ್ಲವೇ ನೂರಕ್ಕೆ ನೂರಿಪ್ಪತ್ತೈದರ ಲೆಕ್ಕದಲ್ಲಿ ಮುಂದಿನ ಪ್ರವಾಸಕ್ಕೆ ಕ್ರೆಡಿಟ್. ಏಜೆಂಟರು ಎಂಟೂ ಮನೆಗೆ ಫೋನ್ ಮಾಡಿ ಎರಡನ್ನೂ ಬಿಡಿಸಿ ಹೇಳಿದರು. ನನಗೆ ಹೇಳಿದ ಮಾತು ಇನ್ನೂ ನೆನಪಿದೆ. “ಅಕ್ಕೋರೇ, ಕ್ರೆಡಿಟ್ ತಗೊಂಡರೆ ನನಗೂ ಲಾಭ, ಮತ್ತೆ ನನ್ನ ಹತ್ತಿರವೇ ಬರ್ತೀರಿ. ಆದರೆ ಮುಂದೇನು ಅಂತ ಯಾರಿಗೂ ಗೊತ್ತಿಲ್ಲ, ನೀವು ದುಡ್ಡೇ ತಗೊಂಡುಬಿಡಿ.” ದುಡ್ಡು ಬರಲಿಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಆದರೆ ಬಂತು, ಹದಿನಾರೂ ಜನರದ್ದು.

ಅದೇ ಹೊತ್ತಿಗೆ ಕುಮಟಾದ ನಮ್ಮ ಭಾವ ಒಂದು ಸೈಟಿನ ಮೂಲಕ ಬೇರೆ ಹಡಗು ಬುಕ್ ಮಾಡಿಕೊಂಡಿದ್ದರು. ಅವರಿಗೆ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬಂತು ಅಷ್ಟೇ. ಇಷ್ಟು ದಿನದೊಳಗೆ ರಿಫಂಡ್ ಕೇಳದೇ ಇದ್ದರೆ ಕ್ರೆಡಿಟ್ ಆಗುತ್ತದೆ ಅಂತ ಅದರಲ್ಲಿ ಕೆಳಗೆಲ್ಲೋ ಬರೆದಿತ್ತಂತೆ. ಭಾವ ಓದಲಿಲ್ಲ, ಹೇಳುವವರೂ ಯಾರೂ ಇರಲಿಲ್ಲ. ಕ್ರೆಡಿಟ್ ಬಂತು, ಅವಧಿಯೂ ಮುಗಿಯಿತು, ದುಡ್ಡು ಹೋಯಿತು.

2024ರಲ್ಲಿ ಕೊನೆಗೂ ಹೋದೆವು, ಅದೇ ಏಜೆಂಟರ ಕೈಯಲ್ಲಿ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್, ನಾಲ್ಕು ರಾತ್ರಿ. ಬುಕ್ ಮಾಡುವ ದಿನ ಅವರು ಹಡಗಿನ ನಕ್ಷೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರವಿದರು. ಬಾಲ್ ಪೆನ್ನಿನಲ್ಲಿ ಒಂದೊಂದು ರೂಮಿಗೂ ಗುರುತು. ಇದು ಬೇಡ, ಇದರ ನೆತ್ತಿ ಮೇಲೆ ಸ್ವಿಮ್ಮಿಂಗ್ ಪೂಲ್ ಇದೆ, ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು ಕೇಳ್ತದೆ. ಇದೂ ಬೇಡ, ಕೆಳಗೆ ಡಾನ್ಸ್ ಹಾಲ್. ಅತ್ತಿಗೆಯವರಿಗೆ ಬಸ್ಸಲ್ಲೇ ತಲೆ ತಿರುಗುತ್ತದೆ ಅಲ್ವಾ, ಅವರಿಗೆ ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಲ್ಲಿ ಕೊಡೋಣ, ಅಲ್ಲಿ ಓಲಾಟ ಕಡಿಮೆ. ದೇವಿಮನೆ ಘಟ್ಟ ಇಳಿಯುವಾಗ ಕಣ್ಣು ಮುಚ್ಚಿ ಕೂರುವ ನಮ್ಮ ಅತ್ತಿಗೆ ನಾಲ್ಕೂ ದಿನ ಆರಾಮಾಗಿ ಇಡ್ಲಿ ತಿಂದರು.

ವೀಸಾ ವಿಷಯವೂ ಹಾಗೇ. ಮಲೇಷ್ಯಾ 2023ರ ಡಿಸೆಂಬರಿನಿಂದ ನಮ್ಮವರಿಗೆ ವೀಸಾ ಇಲ್ಲದೇ ಬಿಡುತ್ತಿತ್ತು, ಥಾಯ್ಲೆಂಡೂ ಬಿಡುತ್ತಿತ್ತು, ಸಿಂಗಾಪುರಕ್ಕೆ ಮಾತ್ರ ವೀಸಾ ಬೇಕು. ಹಡಗು ಸಿಂಗಾಪುರ ಬಿಟ್ಟು ಬೇರೆ ದೇಶ ಮುಟ್ಟಿ ವಾಪಸ್ ಬಂದರೆ ನಾವು ಸಿಂಗಾಪುರದೊಳಗೆ ಎರಡನೇ ಸಲ ಕಾಲಿಟ್ಟ ಹಾಗೆ, ಒಂದೇ ಸಲದ ವೀಸಾ ಇದ್ದರೆ ಸಾಲದು. ಇದು ನನಗೆಲ್ಲಿಂದ ಗೊತ್ತಾಗಬೇಕು? ಪಾಸ್‌ಪೋರ್ಟಿಗೆ ಆರು ತಿಂಗಳು ಅವಧಿ ಉಳಿದಿದೆಯೋ ಅಂತ ನೋಡಿದ್ದು, ಸಿಂಗಾಪುರಕ್ಕೆ ಇಳಿಯುವ ಮೊದಲಿನ ಮೂರು ದಿನದೊಳಗೆ ತುಂಬಬೇಕಾದ ಅರೈವಲ್ ಕಾರ್ಡ್ ಹದಿನಾರು ಜನರಿಗೂ ತುಂಬಿಕೊಟ್ಟಿದ್ದು ಎಲ್ಲ ಅವರೇ.

ಇಷ್ಟೆಲ್ಲ ಆಗಿಯೂ 2025ರಲ್ಲಿ ನಾನು ಸೈಟಲ್ಲಿ ಬುಕ್ ಮಾಡಿದೆ. ನಾನು, ನಮ್ಮನೆಯವರು ಇಬ್ಬರೇ. ಒಂದು ರೂಮಿಗೆ ನೂರು ಡಾಲರ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನೊಳಗಿನ ಖರ್ಚಿಗೆ ಮಾತ್ರ ಬಳಸಬಹುದಾದ ದುಡ್ಡು, ನಮ್ಮ ಲೆಕ್ಕದಲ್ಲಿ ಎಂಟೂವರೆ ಸಾವಿರದ ಸುಮಾರು. ಏಜೆಂಟರನ್ನು ಒಂದು ಮಾತು ಕೇಳಲಿಲ್ಲ. ಅದು ನನ್ನ ತಪ್ಪು, ಈಗಲೂ ಬೇಜಾರಿದೆ.

ಆಮೇಲೆ ಶುರುವಾಯಿತು. ನಮ್ಮನೆಯವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಪೂರ್ತಿ ಹೆಸರು ಒಂದೇ ಸಾಲಿನಲ್ಲಿದೆ. ನಮ್ಮ ಕಡೆ ಎಷ್ಟೋ ಜನರದ್ದು ಹೀಗೇ ಇರುತ್ತದೆ. ಸೈಟಿನ ಫಾರಂ ಅಡ್ಡಹೆಸರು ಹಾಕದೇ ಮುಂದೆ ಹೋಗಲಿಲ್ಲ, ನಾನು ಏನೋ ಒಂದು ಹಾಕಿದೆ. ಟಿಕೆಟಿನ ಹೆಸರೇ ಬೇರೆ, ಪಾಸ್‌ಪೋರ್ಟಿನದ್ದೇ ಬೇರೆ ಆಯಿತು. ಸರಿ ಮಾಡಿಸೋಣ ಅಂತ ಹಡಗಿನ ಕಂಪನಿಗೆ ಫೋನ್ ಮಾಡಿದರೆ, “ನೀವು ಬೇರೆಯವರ ಮೂಲಕ ಬುಕ್ ಮಾಡಿದ್ದೀರಿ, ಅವರೇ ಹೇಳಬೇಕು” ಅಂದರು. ಅದು ಅವರ ನಿಯಮ. ಯಾರ ಮೂಲಕ ಬುಕ್ ಆಯಿತೋ ಅವರೇ ಬದಲಾವಣೆ ಮಾಡಿಸಬೇಕು. ಸೈಟಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಸ್ಪೀಕರ್ ಹಾಕಿ ಅಡುಗೆಮನೆ ಕಟ್ಟೆ ಮೇಲಿಟ್ಟು ದೋಸೆ ಹೊಯ್ದು ಮುಗಿಸಿದರೂ ಅದೇ ಸಂಗೀತ. ಒಬ್ಬೊಬ್ಬರು ಒಂದೊಂದು ಹೇಳಿದರು. ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನವೂ ನಮ್ಮನೆಯವರಿಗೆ ಸರಿಯಾಗಿ ನಿದ್ದೆ ಇಲ್ಲ.

ನಡುವೆ ತಡೆಯಲಾರದೆ ನಮ್ಮ ಏಜೆಂಟರ ಹತ್ತಿರವೇ ಹೋದೆ. ಅವರು ಮುಖ ಸಣ್ಣ ಮಾಡಲಿಲ್ಲ. “ಆ ಬುಕಿಂಗ್ ನನ್ನ ಕೈಯಲ್ಲಿಲ್ಲ ಅಕ್ಕೋರೇ, ನಾನು ಮುಟ್ಟಲಿಕ್ಕೆ ಬರೋದಿಲ್ಲ” ಅಂದರು. ಅಂದು, ಪಾಸ್‌ಪೋರ್ಟಿನ ಪ್ರತಿ ಇಟ್ಟು ಏನಂತ ಇಮೇಲ್ ಬರೆಯಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅದರಿಂದಲೇ ಕೊನೆಗೆ ಕೆಲಸ ಆಯಿತು.

ಇನ್ನು ಆ ನೂರು ಡಾಲರ್ ಕತೆ. ನಮ್ಮ ಹಡಗಿನಲ್ಲಿ ಗ್ರಾಚುಟಿ, ಅಂದರೆ ಕೆಲಸದವರ ಟಿಪ್ಸು, ಒಬ್ಬರಿಗೆ ದಿನಕ್ಕೆ 18 ಡಾಲರ್. ಇಬ್ಬರಿಗೆ ನಾಲ್ಕು ದಿನಕ್ಕೆ 144. ಕ್ರೆಡಿಟ್ ಅಲ್ಲಿಗೇ ಮುಗಿದು ಮೇಲೆ 44 ನಾವೇ ಕೊಟ್ಟೆವು. ಉಳಿದಿದ್ದರೂ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ, ಹಡಗು ಇಳಿಯುವಾಗ ಅಲ್ಲಿಗೇ ಬಿಟ್ಟು ಬರಬೇಕು. ಡ್ರಿಂಕ್ಸ್ ಕುಡಿಯದ ನಮ್ಮಂಥವರಿಗೆ ಡ್ರಿಂಕ್ಸ್ ಫ್ರೀ ಅಂದರೆ ಏನು ಬಂತು? ನೀರು, ಚಹಾ, ಕಾಫಿ ಊಟದ ಹಾಲಿನಲ್ಲಿ ಹೇಗೂ ಸಿಗುತ್ತದೆ. ಕೆಲವು ಹಡಗಿನಲ್ಲಿ ಫ್ರೀ ಕೊಟ್ಟ ಆ ಪ್ಯಾಕೇಜಿನ ಮೇಲೂ ಸರ್ವಿಸ್ ಚಾರ್ಜ್ ಹಾಕುತ್ತಾರೆ. ಇನ್ನೊಂದು ವಿಷಯ ಹೊರಡುವ ಹೊತ್ತಿಗೆ ಗೊತ್ತಾಯಿತು. ಸೈಟಿನ ದರ ಇದ್ದದ್ದು ‘ಗ್ಯಾರಂಟಿ’ ರೂಮಿಗೆ. ರೂಮು ಸಿಗುವುದು ಗ್ಯಾರಂಟಿ, ಯಾವ ರೂಮು ಅಂತ ಅವರ ಇಷ್ಟ. ನಮಗೆ ಸಿಕ್ಕಿದ್ದು ಹಡಗಿನ ಮೂತಿ ಕಡೆಯದ್ದು, ರಾತ್ರಿಯಿಡೀ ಏರಿಳಿತ.

ಇದನ್ನೆಲ್ಲ ಓದಿ ಸೈಟೇ ಬೇಡ ಅಂತ ನಾನು ಹೇಳುತ್ತೇನೆ ಅಂದುಕೊಳ್ಳಬೇಡಿ. ವರ್ಷಕ್ಕೆರಡು ಸಲ ಹೋಗುವವರು, ಇಂಗ್ಲಿಷ್ ಚೆನ್ನಾಗಿ ಬರುವವರು, ಎಲ್ಲ ಷರತ್ತು ಓದಿಕೊಳ್ಳುವವರು ಅಲ್ಲೇ ಮಾಡಲಿ, ಅವರಿಗೆ ಉಳಿತಾಯವೂ ಇದೆ. ಏಜೆಂಟರಲ್ಲೂ ಎಲ್ಲರೂ ನಮ್ಮವರಂತೆ ಇರುವುದಿಲ್ಲ. ಹಡಗಿನ ಕಂಪನಿ ಎಲ್ಲರಿಗೂ ಕೊಡುವ ಆಫರನ್ನೇ ತಮ್ಮ ಉಡುಗೊರೆ ಅಂತ ಹೇಳುವವರು ಇದ್ದಾರೆ. ಗುಂಪಿನಲ್ಲಿ ಹೋದರೆ ಬಹಳ ಕಂಪನಿಗಳು ಹದಿನಾರು ಜನಕ್ಕೆ ಒಬ್ಬರ ಹಡಗಿನ ದರ ಬಿಡುತ್ತವೆ, ಬಂದರಿನ ಶುಲ್ಕ ಬಿಟ್ಟು. ಅದನ್ನು ಬಾಯಿ ಬಿಡದೆ ಇಟ್ಟುಕೊಳ್ಳುವವರೂ ಇರಬಹುದು. ನಮ್ಮವರು ಕೇಳುವ ಮೊದಲೇ ಹೇಳಿ ಆ ದುಡ್ಡನ್ನು ಹದಿನಾರಕ್ಕೂ ಭಾಗ ಮಾಡಿ ಕಳೆದಿದ್ದರು. ನೀವು ಗುಂಪಿನಲ್ಲಿ ಹೋಗುವುದಾದರೆ ಇದನ್ನು ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ.

ಏಜೆಂಟರ ಹತ್ತಿರ ಹೋದರೆ ದರ ಜಾಸ್ತಿ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಅವರಿಗೆ ಕಮಿಷನ್ ಕೊಡುವುದು ಹಡಗಿನ ಕಂಪನಿ, ಅದೂ ಮೂಲ ದರದ ಮೇಲೆ ಮಾತ್ರ, ಬಂದರು ಶುಲ್ಕ, ತೆರಿಗೆ ಮೇಲಲ್ಲ. ದೊಡ್ಡ ಸೈಟುಗಳು ಸಾವಿರಗಟ್ಟಲೆ ರೂಮು ಮಾರಿ ಜಾಸ್ತಿ ಕಮಿಷನ್ ತಗೊಳ್ಳುತ್ತವೆ, ಅದರಲ್ಲೇ ಒಂದು ತುಂಡು ಮುರಿದು ನಮಗೆ ಕ್ರೆಡಿಟ್ ಅಂತ ಕೊಡುತ್ತವೆ. ನಮ್ಮ ಪೇಟೆಯವರು ಬೆಂಗಳೂರಿನ ಅಥವಾ ಮುಂಬೈಯ ದೊಡ್ಡ ಏಜೆಂಟರ ಮೂಲಕ ಮಾಡುವವರು, ಸಿಕ್ಕಿದ್ದರಲ್ಲಿ ಇಬ್ಬರಿಗೂ ಪಾಲು. ಅವರೆಲ್ಲಿಂದ ಕೊಡಬೇಕು? ವಿದೇಶಿ ಪ್ಯಾಕೇಜಿಗೆ ಅವರು ಹಿಡಿಯುವ ಟಿಸಿಎಸ್, ಅಂದರೆ ಸರ್ಕಾರದ ಪರವಾಗಿ ಮೊದಲೇ ವಸೂಲು ಮಾಡುವ ತೆರಿಗೆ ಕೂಡ ಅವರ ಜೇಬಿಗೆ ಹೋಗುವುದಲ್ಲ. ನಿಮ್ಮ ಪಾನ್ ನಂಬರಿಗೆ ಜಮಾ ಆಗುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಅದನ್ನೂ ಸೇರಿಸಿ ಇವರದ್ದು ದುಬಾರಿ ಅಂತ ಹೇಳುವುದು ಅನ್ಯಾಯ.

ನನಗೆ ನಿಜವಾಗಿ ಸಿಟ್ಟು ಬರುವುದು ಒಂದು ವಿಷಯಕ್ಕೆ. ಏಜೆಂಟರ ಆಫೀಸಿನಲ್ಲಿ ಎರಡು ತಾಸು ಕೂತು, ಅವರ ಚಹಾ ಕುಡಿದು, ಯಾವ ಹಡಗು, ಯಾವ ತಿಂಗಳು, ಯಾವ ರೂಮು, ಯಾವ ವೀಸಾ ಅಂತ ಎಲ್ಲ ಬರೆಸಿಕೊಂಡು, ಮನೆಗೆ ಹೋಗಿ ಅದೇ ರೂಮನ್ನು ಸೈಟಲ್ಲಿ ಬುಕ್ ಮಾಡುವವರಿದ್ದಾರೆ. ಅದು ಸರಿಯಲ್ಲ. ನಮ್ಮಲ್ಲಿ ಸೊಸೈಟಿಗೆ ಅಡಿಕೆ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಕ್ವಿಂಟಲಿಗೆ ನೂರು ರೂಪಾಯಿ ಜಾಸ್ತಿ ಹೇಳಿದ ಅಂತ ಅವನಿಗೆ ಕೊಟ್ಟು, ಮಳೆಗಾಲದಲ್ಲಿ ಗೊಬ್ಬರ, ಕೊಳೆ ಔಷಧಿಗೆ ಸಾಲ ಕೇಳಲಿಕ್ಕೆ ಮಾತ್ರ ಸೊಸೈಟಿ ಮೆಟ್ಟಿಲು ಹತ್ತಿದರೆ ಹೇಗೆ?

ಹಾಗಾಗಿ ಈ ಸಲ ನಾನು ಹೀಗೆ ಮಾಡಿದೆ. ಬರುವ ಚಳಿಗಾಲಕ್ಕೆ ಮತ್ತೆ ಎಂಟು ಜನ ಹೊರಟಿದ್ದೇವೆ. ಸೈಟಿನ ದರವನ್ನು ಪ್ರಿಂಟ್ ತೆಗೆದುಕೊಂಡೇ ಏಜೆಂಟರ ಹತ್ತಿರ ಹೋದೆ. ಮುಚ್ಚುಮರೆ ಇಲ್ಲದೆ ಮೇಜಿನ ಮೇಲಿಟ್ಟು ಕೇಳಿದೆ. ಅವರು ಅದೇ ನಮೂನೆಯ ರೂಮು, ಅದೇ ತಾರೀಖಿಗೆ ಹೋಲಿಸಿ ಲೆಕ್ಕ ಹಾಕಿದರು. “ನೂರು ಡಾಲರ್ ಕೊಡಲಿಕ್ಕೆ ನನ್ನಿಂದ ಆಗೋದಿಲ್ಲ. ಗ್ರಾಚುಟಿ ಅರ್ಧ ನಾನು ಹಾಕ್ತೇನೆ. ಕೊನೆಯ ಕಂತು ಕಟ್ಟುವವರೆಗೆ ದರ ನೋಡ್ತಾ ಇರ್ತೇನೆ, ಇಳಿದರೆ ಇಳಿಸಿ ಕೊಡ್ತೇನೆ” ಅಂದರು. ನನಗೆ ಅಷ್ಟು ಸಾಕು. ಹಿಂದಿನ ಎರಡು ಸಲದ ಸದಸ್ಯತ್ವದ ಪಾಯಿಂಟುಗಳು ಹೋಗಿಬಿಡುತ್ತವೋ ಅಂತ ನಮ್ಮನೆಯವರಿಗೆ ಚಿಂತೆ ಇತ್ತು. ಅದು ಹಡಗಿನ ಕಂಪನಿಯಲ್ಲಿ ನಮ್ಮ ಹೆಸರಿಗೇ ಇರುತ್ತದೆ, ಯಾರ ಮೂಲಕ ಹೋದರೂ ಹೋಗುವುದಿಲ್ಲ. ಹಡಗಿನೊಳಗೇ ಮುಂದಿನ ಪ್ರವಾಸ ಬುಕ್ ಮಾಡಿದರೆ ಕೊಡುವ ಕ್ರೆಡಿಟ್ ಕೂಡ ಬಿಡಬೇಕಾಗಿಲ್ಲ, ಅಲ್ಲಿಯ ಕೌಂಟರಿನಲ್ಲಿ ನಮ್ಮ ಏಜೆಂಟರ ಹೆಸರು ಹೇಳಿದರೆ ಬುಕಿಂಗ್ ಅವರ ಲೆಕ್ಕಕ್ಕೇ ಬರುತ್ತದೆ ಅಂತ ಅವರೇ ತಿಳಿಸಿದರು.

ನಮ್ಮ ಜಿಲ್ಲೆಯ ಏಜೆಂಟರಲ್ಲೂ ಒಂದು ವಿನಂತಿ. ಹಡಗಿನ ದರ ಎಷ್ಟು, ಬಂದರು ಶುಲ್ಕ ಎಷ್ಟು, ಗ್ರಾಚುಟಿ ಸೇರಿದೆಯೋ ಇಲ್ಲವೋ, ಜಿಎಸ್‌ಟಿ, ಟಿಸಿಎಸ್ ಎಷ್ಟು, ನಿಮ್ಮ ಸರ್ವಿಸ್ ಚಾರ್ಜ್ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬೇರೆ ಬೇರೆ ಬರೆದು ಕೊಡಿ. ನಿಮ್ಮ ಕೆಲಸಕ್ಕೆ ದುಡ್ಡು ಕೇಳಲಿಕ್ಕೆ ಹಿಂಜರಿಯಬೇಡಿ, ವೀಸಾ ಕೆಲಸಕ್ಕೆ ಇಷ್ಟು ಅಂತ ನೇರ ಹೇಳಿ. ನಮ್ಮ ಏಜೆಂಟರು ಕೊಟ್ಟ ಹಾಳೆಯನ್ನು ನಾನು ಎಂಟೂ ಜನರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕುಮಟಾದ ಭಾವನೇ ಮೊದಲು ಉತ್ತರ ಕೊಟ್ಟಿದ್ದು. ಸೋಮವಾರ ಮುಂಗಡ ಕಟ್ಟಲಿಕ್ಕೆ ಘಟ್ಟ ಹತ್ತಿ ಬರುತ್ತಾರಂತೆ.

— ನಿವೃತ್ತ ಶಿಕ್ಷಕಿ, ಶಿರಸಿ ತಾಲೂಕು