ಅಣ್ಣನ ಹೆಸರಿನ ಕಲ್ಲು

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ಮನೆ ವಿಷಯ, ಅಮ್ಮನ ವಿಷಯ ಎಲ್ಲ ನಮಗಿಬ್ಬರಿಗೂ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಸೇನೆಯಲ್ಲಿದ್ದು ತೀರಿಕೊಂಡ ನಿನ್ನ ಅಣ್ಣನ ನೆನಪಿಗೆ ಊರಲ್ಲಿ ನಿಲ್ಲಿಸಲಿರುವ ಕಲ್ಲಿನ ಬಗ್ಗೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಕಲ್ಲು ನಿಲ್ಲಿಸಿದರೇನು ದೊಡ್ಡಪ್ಪ, ಎರಡು ಮಳೆಗಾಲ ಕಳೆದರೆ ಅಣ್ಣನ ಹೆಸರಿನ ಮೇಲೆ ಪಾಚಿ ಬೆಳೆದಿರುತ್ತೆ, ಯಾರೂ ಓದಲ್ಲ" ಅಂತ, ಅದು ನಿದ್ದೆ ಕೆಡಿಸಿತು. ಸಮಾಧಾನ ಹೇಳುವಷ್ಟು ದೊಡ್ಡ ಮಾತು ನನ್ನ ಹತ್ತಿರ ಇಲ್ಲ. ಕಲ್ಲಿನ ವಿಷಯ ಒಂದಿಷ್ಟು ಗೊತ್ತು, ಅದನ್ನೇ ಬರೆಯುತ್ತೇನೆ.

ಪಾಚಿ ಹಿಡಿಯುವುದು ನಿಜ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಹೊಯ್ಯುವ ಮಳೆಗೆ ಯಾವ ಕಲ್ಲೂ ಹಸಿರಾಗದೆ ಉಳಿಯುವುದಿಲ್ಲ. ಆದರೆ ಪಾಚಿಯನ್ನು ತೊಳೆಯಬಹುದು. ಹೆಸರನ್ನು ನಿಜವಾಗಿ ತಿನ್ನುವುದು ಬೇರೆ: ಬಣ್ಣದಲ್ಲಿ ಬರೆದ ಅಕ್ಷರ, ನೀರು ನಿಲ್ಲುವ ತಲೆಭಾಗ, ಪಾಚಿ ತೆಗೆಯಲು ಹೋಗಿ ಸುರಿಯುವ ಆಸಿಡ್.

ನಮ್ಮಲ್ಲಿ ಮಳೆ ಬರುವುದು ಪಡುವಣ ಗಾಳಿಯ ಜೊತೆ. ಬರಹದ ಮುಖ ಆ ಕಡೆಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ನೇರ ಅಕ್ಷರಕ್ಕೇ ಹೊಡೆಯುತ್ತದೆ. ಮುಖ ಮೂಡಣಕ್ಕಿರಲಿ, ಬೆಳಗಿನ ಬಿಸಿಲು ಬಿದ್ದು ಬೇಗ ಆರುತ್ತದೆ. ರಸ್ತೆಗೇ ಮುಖ ಮಾಡಿಸಬೇಕು ಅಂತ ಊರವರು ಹಠ ಹಿಡಿದರೆ, ರಸ್ತೆಯ ಪಡುವಣ ಬದಿಯಲ್ಲೇ ಜಾಗ ಕೇಳು. ಹಲಸು, ಮಾವಿನ ಮರದ ಅಡಿ ಬೇಡ. ಮಳೆ ನಿಂತ ಮೇಲೂ ಮರ ತಾಸುಗಟ್ಟಲೆ ತೊಟ್ಟಿಕ್ಕುತ್ತಲೇ ಇರುತ್ತದೆ.

ಕಡಪ ಕಲ್ಲು ಅಗ್ಗ ಅಂತ ಯಾರಾದರೂ ಹೇಳಿಯಾರು. ಅದು ಪದರ ಪದರವಾಗಿ ಏಳುತ್ತದೆ, ಆಸಿಡ್ ಬಿದ್ದರೆ ಕರಗುತ್ತದೆ. ಕಪ್ಪು ಗ್ರಾನೈಟ್ ತೆಗೆದುಕೋ, ನಾಲ್ಕು ಇಂಚು ದಪ್ಪ, ಆರು ಅಡಿ ಉದ್ದ. ಅದರಲ್ಲಿ ಒಂದೂವರೆ ಅಡಿ ನೆಲದೊಳಗೆ ಹೋಗಲಿ. ತಲೆಭಾಗ ಚಪ್ಪಟೆ ಇದ್ದರೆ ನೀರು ನಿಂತು ಮುಖದ ಮೇಲೇ ಇಳಿಯುತ್ತದೆ, ಹಿಂದಕ್ಕೆ ಇಳಿಜಾರು ಕೊಡಿಸು. ಸುತ್ತಲಿನ ಕಟ್ಟೆಗೆ ಜಂಬಿಟ್ಟಿಗೆಯೇ ಚಂದ, ಆದರೆ ಅದಕ್ಕೆ ಸಿಮೆಂಟ್ ಗಿಲಾವು ಬೇಡ. ಒಳಗಿನ ತೇವಕ್ಕೆ ದಾರಿ ಸಿಗದೆ ಗಿಲಾವು ಎದ್ದು ಬರುತ್ತದೆ.

ಅಕ್ಷರದ ಬಗ್ಗೆ ಹೆಚ್ಚೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ ಮಾರಾಯ್ತಿ. ಯಂತ್ರದಲ್ಲಿ ತೆಳ್ಳಗೆ ಗೀಚಿ ಚಿನ್ನದ ಬಣ್ಣ ತುಂಬಿದ್ದು ಮೊದಲು ಅಳಿಯುತ್ತದೆ. ಉಳಿಯಲ್ಲಿ ನಾಲ್ಕೈದು ಮಿಲಿಮೀಟರ್ ಆಳಕ್ಕೆ, ಇಳಿಜಾರು ಅಂಚಿಟ್ಟು ಕೆತ್ತಿಸಬೇಕು. ಬಣ್ಣ ಹೋದರೂ ನೆರಳಲ್ಲಿ ಓದಬಹುದು. ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುತ್ತದೆ. "ಹವಾಲ್ದಾರ್" ಬರೆಯುವಾಗ ದ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಿದರೆ ನಡುವಿನ ಕಲ್ಲು ಚೂರು ಎದ್ದುಹೋಗುತ್ತದೆ. ಅಕ್ಷರ ಎಷ್ಟು ಎತ್ತರವೋ ಸಾಲುಗಳ ನಡುವೆ ಅಷ್ಟೇ ಜಾಗ ಬಿಡಿಸು. ಇನ್ನೊಂದು, "ಯೋಧ" ಎಂಬಲ್ಲಿ ಧ ಅಕ್ಷರದ ಅಡಿಯ ಸೀಳು. ಅಷ್ಟೇ ಚಿಕ್ಕ ಗೀಟು. ಕೆತ್ತುವವನು ಮರೆತರೆ "ಯೋದ" ಆಗಿ ನೂರು ವರ್ಷ ನಿಂತಿರುತ್ತದೆ. ಆದ್ದರಿಂದ ಮೊದಲು ಪೂರ್ತಿ ಅಳತೆಯ ಕಾಗದದಲ್ಲಿ ಬರೆಸಿ, ಇಬ್ಬರು ಗಟ್ಟಿಯಾಗಿ ಓದಿದ ಮೇಲೇ ಉಳಿ ಮುಟ್ಟಲಿ.

ಹೆಸರು, ಸೇನಾ ಸಂಖ್ಯೆ, ಹುದ್ದೆ, ರೆಜಿಮೆಂಟು ಎಲ್ಲವನ್ನೂ ಅವನ ಸೇವಾ ದಾಖಲೆ ನೋಡಿಯೇ ಬರೆಸು, ಅಂದು ಕಟ್ಟಿದ್ದ ಫ್ಲೆಕ್ಸ್ ನೋಡಿ ಅಲ್ಲ. ಸತ್ತ ತಾರೀಖೊಂದೇ ಸಾಲದು. ಸೇನೆಗೆ ಸೇರಿದ ವರ್ಷ, ಎಲ್ಲೆಲ್ಲಿ ಕೆಲಸ ಮಾಡಿದ ಎಂಬುದೂ ಇರಲಿ. ಅವನು ಅಷ್ಟು ವರ್ಷ ದುಡಿದದ್ದು ಕಾಣಬೇಕು. ದಾನ ಕೊಟ್ಟವರ ಹೆಸರು, ಉದ್ಘಾಟಿಸಿದವರ ಹೆಸರು ಆ ಮುಖದಲ್ಲಿ ಖಂಡಿತ ಬೇಡ. ಬೇಕಿದ್ದರೆ ಹಿಂದೆ ಹಾಕಿಕೊಳ್ಳಲಿ.

ನೀನು ಹೆದರಿದ್ದು ಇಲ್ಲದ ಭಯವೇನಲ್ಲ. ನಮ್ಮ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆ ಎಷ್ಟು ವೀರಗಲ್ಲು! ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಕುಳಿತಿರುವುದು. ಅವರೂ ಯಾರದೋ ಅಣ್ಣಂದಿರೇ. ನಮ್ಮ ಕೆರೆ ತೂಬಿನ ಹತ್ತಿರದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ನಾನು ನೋಡಿಯೂ ಬೇಡ ಅನ್ನಲಿಲ್ಲ. ಬರಹದ ಸಾಲು ಸವೆದೇ ಹೋಯಿತು. ಈಗ ಆ ಹೆಸರು ಯಾರಿಗೂ ಗೊತ್ತಿಲ್ಲ, ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಆದರೆ ಹಾಗೆಯೇ ಸವೆದ ಎಷ್ಟೋ ಕಲ್ಲುಗಳ ಹೆಸರು ಇಂದಿಗೂ ಓದಲು ಸಿಗುತ್ತವೆ, ಯಾಕೆಂದರೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಓದಿಸಿ 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದಕ್ಕೇ ಹೇಳುತ್ತೇನೆ, ಕಲ್ಲಿನಲ್ಲಿ ಏನಿದೆಯೋ ಅದನ್ನು ಕಾಗದದಲ್ಲೂ ಇಡು. ಅವನ ಕಾಗದಗಳು, ಫೋಟೋಗಳ ಹಿಂದೆ ಊರು ಮತ್ತು ವರ್ಷ, ಒಂದು ಪ್ರತಿ ಅವನು ಓದಿದ ಶಾಲೆಗೆ.

ಮಳೆಗಾಲದಲ್ಲಿ ಕಲ್ಲಿಗೆ ಪ್ಲಾಸ್ಟಿಕ್ ಹೊದಿಸುವ ಯೋಚನೆ ಬಂದರೆ ಬಿಡು. ಒಳಗೆ ಬೆವರಿ ಪಾಚಿ ಇಮ್ಮಡಿ ಬೆಳೆಯುತ್ತದೆ. ಆಶ್ವಯುಜದ ಭೂಮಿ ಹುಣ್ಣಿಮೆ ಕಳೆದು ಬಿಸಿಲು ಬಿದ್ದ ಮೇಲೆ ಬರೀ ನೀರು, ತೆಂಗಿನ ನಾರು ಅಥವಾ ಮೆತ್ತನೆ ಬ್ರಷ್, ಅಕ್ಷರದೊಳಕ್ಕೆ ಬಿದಿರು ಕಡ್ಡಿ. ತಂತಿ ಬ್ರಷ್, ಬ್ಲೀಚಿಂಗ್ ಪುಡಿ ಮುಟ್ಟಿಸಬೇಡ. ವರ್ಷಕ್ಕೆ ಅರ್ಧ ದಿನದ ಕೆಲಸ.

ಅನಾವರಣದ ದಿನ ಕಲ್ಲಿಗೆ ರಾಷ್ಟ್ರಧ್ವಜ ಮುಚ್ಚಬಾರದು, 1971ರ ರಾಷ್ಟ್ರಗೌರವ ಅವಮಾನ ತಡೆ ಕಾಯ್ದೆ ಒಪ್ಪುವುದಿಲ್ಲ. ಬಿಳಿ ಬಟ್ಟೆ ಸಾಕು. ಧ್ವಜ ಪಕ್ಕದಲ್ಲಿ ಕಂಬದ ಮೇಲಿರಲಿ.

ಅವನ ಮೇಲೆ ಹೊದಿಸಿದ್ದ ಧ್ವಜ ಅಮ್ಮನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿದೆ ಅಂದಿದ್ದೆ. ಇವತ್ತೇ ತೆಗೆಸು, ಬೂಸಲು ಹಿಡಿಯುತ್ತದೆ. ಅಡ್ಡಕ್ಕೆ ಹರಡಿ, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚು. ಆಮೇಲೆ ಎರಡೂ ಬದಿಯನ್ನು ನಡುವಿನ ಅಡಿಗೆ ಮಡಚಿದರೆ ಚಕ್ರ ಮೇಲೆ ಬರುತ್ತದೆ. ಒಗೆದ ಹತ್ತಿಯ ಬಿಳಿ ಬಟ್ಟೆಯಲ್ಲಿ ಸುತ್ತು. ನುಸಿಗುಳಿಗೆ ತಾಗಿಸಬೇಡ, ತೊಳೆಯಲೂ ಬೇಡ. ಚಳಿಗಾಲದಲ್ಲಿ ಒಮ್ಮೆ ನೆರಳಲ್ಲಿ ಗಾಳಿಗೆ ಹರವಿ, ಮಡಿಕೆಯ ಗೆರೆ ಒಂದೇ ಕಡೆ ಸೀಳದ ಹಾಗೆ ಸ್ವಲ್ಪ ಸರಿಸಿ ಮಡಚು. ಅಮ್ಮ ಮಡಚುತ್ತೇನೆ ಅಂದರೆ ಅವಳಿಗೇ ಬಿಡು.

ಇಷ್ಟೆಲ್ಲ ಬರೆದೂ ನಿನ್ನ ಆ ಸಾಲಿಗೆ ಪೂರ್ತಿ ಉತ್ತರ ಕೊಟ್ಟ ಹಾಗಾಗಲಿಲ್ಲ. ತೊಳೆಯುವವರು ಇರುವವರೆಗೆ ಹೆಸರು ಕಾಣುತ್ತದೆ, ನನಗೆ ತಿಳಿದಿರುವುದು ಅಷ್ಟೇ. ಈ ವರ್ಷ ಹುಣ್ಣಿಮೆ ಕಳೆದ ವಾರ ನಾನೂ ಬರುತ್ತೇನೆ. ಅದಕ್ಕೆ ಮೊದಲು ಅಕ್ಷರ ಬರೆಸಿದ ಕಾಗದದ ಪ್ರತಿ ನನಗೆ ಕಳಿಸು, ಆ ಸೀಳು ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ