ಅಪ್ಪಯ್ಯನಿಗೆ, ಬಾಸ್ಟನ್‌ನಿಂದ

ಅಪ್ಪಯ್ಯನಿಗೆ ನಮಸ್ಕಾರ.

ನಾನು ಕ್ಷೇಮ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಬಂತು, ಒಂದು ತೊಟ್ಟೂ ಸೋರಿರಲಿಲ್ಲ.

ಸುಧಿಯ ಕಾಗದ ಓದಿದ ಮೇಲೆ ಬೇರೇನೂ ತಲೆಗೆ ಹತ್ತುತ್ತಿಲ್ಲ. ನಿಮ್ಮ ಕೆನ್ನೆಯ ಒಳಗೆ ಬಿಳಿ ಕಲೆ, ಖಾರ ತಿಂದರೆ ಉರಿ, ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ ಅಂತ ಬರೆದಿದ್ದಾನೆ. ಕ್ಯಾನ್ಸರ್ ಇದೆಯೋ ನೋಡಲು ಹಲ್ಲಿನ ಡಾಕ್ಟರು ಬಯಾಪ್ಸಿ ಮಾಡಬೇಕು ಅಂತ ಹೇಳಿದರೆ ನೀವು "ಅಡಿಕೆ ಕೊನೆಕೊಯ್ಲು ಮುಗಿಯಲಿ" ಅಂದಿರಂತೆ. "ಕತ್ತರಿ ತಾಗಿದರೆ ಮಲಗಿದ್ದು ಏಳುತ್ತೆ" ಅಂತ ಬೇರೆ. ಇದು ಚಿಕ್ಕಪ್ಪನ ಮಾತು, ಅಲ್ವಾ?

ಹಾಗೆಲ್ಲ ಆಗುವುದಿಲ್ಲ. ಕ್ಯಾನ್ಸರ್ ಶುರುವಾಗುವುದು ಕತ್ತರಿ ತಾಗಿ ಅಲ್ಲ, ಜೀವಕೋಶದ ಡಿಎನ್‌ಎ ಕೆಟ್ಟು. ಡಿಎನ್‌ಎ ಅಂದರೆ ಕೋಶ ಹೇಗೆ ನಡೆಯಬೇಕು ಅಂತ ಅಕ್ಷರ ಅಕ್ಷರವಾಗಿ ಬರೆದಿಟ್ಟ ಪುಸ್ತಕದ ಹಾಗೆ, ಜೀನು ಅದರ ಒಂದೊಂದು ಪಾಠ. 1982ರಲ್ಲಿ ಇಲ್ಲೇ ನದಿಯಾಚೆ, ವೈನ್‌ಬರ್ಗ್ ಅನ್ನುವ ವಿಜ್ಞಾನಿಯ ಲ್ಯಾಬಿನವರು ಮೂತ್ರಕೋಶದ ಕ್ಯಾನ್ಸರಿನ ರಾಸ್ ಅನ್ನುವ ಜೀನನ್ನು ಸರಿಯಿರುವ ಜೀನಿನ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಒಂದೇ ಅಕ್ಷರ. ಜಿ ಇರಬೇಕಾದಲ್ಲಿ ಟಿ. ಆದರೆ ಇಂಥ ತಪ್ಪು ಒಂದೇ ಸಾಲದು, ಹಲವು ಕೂಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ನನ್ನ ಕೆಲಸ ಪಿ53 ಅನ್ನುವ ಜೀನಿನ ಮೇಲೆ. ಡಿಎನ್‌ಎ ಕೆಟ್ಟರೆ ಕೋಶವನ್ನು ತಡೆದು ನಿಲ್ಲಿಸುವುದು, ರಿಪೇರಿ ಆಗದಿದ್ದರೆ ಸಾಯಿಸುವುದು ಇದರ ಪಾಲಿನದು. ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ. ಈ ಜೀನು ನಮಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೇ ಪ್ರತಿ. ಆನೆಗೆ 40! ತೋಟ ತುಳಿಯುವ ಪ್ರಾಣಿಗೆ ಇಷ್ಟು ಭಾಗ್ಯ ನೋಡಿ.

ಬಿಳಿ ಕಲೆಯೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಹೆಚ್ಚಿನವು ಆಗುವುದೇ ಇಲ್ಲ. ಆದರೆ ಯಾವುದು ಆಗುತ್ತೆ ಅಂತ ಬರಿಗಣ್ಣಲ್ಲಿ ನಾನೂ ಹೇಳಲಾರೆ. ಸಣ್ಣ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ತೆಗೆಯುತ್ತಾರೆ. ಈಗಲೇ ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಒಳಗೆ ಹಿಡಿಯದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನು ನಿಮ್ಮ ಎಲೆಯಡಿಕೆ ಕವಳ. ಹೊಗೆಸೊಪ್ಪು ಬಿಟ್ಟಿದ್ದೀನಲ್ಲ, ಬರೀ ಅಡಿಕೆ ಏನು ಮಾಡುತ್ತೆ ಅನ್ನುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿಯುವುದಕ್ಕೂ ಅಡಿಕೆಯೇ ಮುಖ್ಯ ಕಾರಣ. ಅಡಿಕೆ ಸೊಸೈಟಿ ಮೀಟಿಂಗಿನಲ್ಲಿ ಈ ಮಾತು ಎತ್ತಿದರೆ ನನ್ನನ್ನು ಊರಿಗೆ ಸೇರಿಸುವುದಿಲ್ಲ, ಗೊತ್ತು. ಆ ಅಡಿಕೆ ದುಡ್ಡಲ್ಲೇ ನಾನು ಓದಿದ್ದು. ಅದಕ್ಕೇ ಬೇರೆಯವರಿಗೆ ಉಪದೇಶ ಮಾಡಲು ನನಗೆ ಬಾಯಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ, ಕವಳ ಬಿಟ್ಟುಬಿಡಿ.

ಇಲ್ಲಿ ಹಿಮ ಮೊಣಕಾಲಿಗಿದೆ, ಜನ ಅದರಲ್ಲೇ ಐಸ್ ಹಾಕಿದ ಕಾಫಿ ಕುಡಿಯುತ್ತಾ ನಡೆಯುತ್ತಾರೆ. ಲ್ಯಾಬಿನಲ್ಲಿ ನಾನು ಬೆಳೆಸುವ ಕೋಶಗಳಿಗೆ ಭಾನುವಾರ ರಜೆಯಿಲ್ಲ, 37 ಡಿಗ್ರಿ ಬೆಚ್ಚಗೆ ಕೂತಿರುತ್ತವೆ. ಅವು ಬೆಳೆಯುವ ನೀರು ಕೆಂಪಗಿರುತ್ತದೆ. ಉಂಡು ಮುಗಿಸಿದರೆ ಹಳದಿಗೆ ತಿರುಗುತ್ತದೆ, ಆಗ ಹೊಸದು ಹಾಕಬೇಕು. ಅದರಲ್ಲಿ ಕರುವಿನ ಸೀರಮ್ ಇರುತ್ತೆ ಅನ್ನುವುದು ಅಮ್ಮಮ್ಮನ ಕಿವಿಗೆ ಬೀಳದಿರಲಿ.

ದುಡ್ಡಿನ ಯೋಚನೆ ಬೇಡ, ಸುಧಿ ಅಕೌಂಟಿಗೆ ಹಾಕಿದ್ದೇನೆ. ಶಿವಮೊಗ್ಗ ಬೇಡವಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಏನೂ ಇರುವುದಿಲ್ಲ. ಏನೂ ಇಲ್ಲ ಅಂತಲೇ ರಿಪೋರ್ಟ್ ಬರುತ್ತೆ, ನೋಡ್ತಿರಿ. ನಾನಂತೂ ಸ್ವಲ್ಪವೂ ಹೆದರಿಲ್ಲ, ಅಮ್ಮನಿಗೂ ಹಾಗೇ ಹೇಳಿ. ಆದರೆ ಬುಧವಾರ ಡಾಕ್ಟರ ಹತ್ತಿರ ಹೋಗುವುದನ್ನು ತಪ್ಪಿಸಬೇಡಿ, ಕೊನೆ ಕೀಳಿಸಲು ಸುಧಿ ಇದ್ದಾನೆ.

ಬಸ್ಸಿಗೆ ಹೊತ್ತಾಯಿತು. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು
ವಿದ್ಯಾ