ಮೇಷ್ಟ್ರಿಗೆ ಒಂದು ಮದುವೆ ಊಟ ಬಾಕಿ

ಮೊನ್ನೆ ಮಗಳು ಮಿಶಿಗನ್ ವಿಶ್ವವಿದ್ಯಾಲಯದ ಹಾಸ್ಟೆಲ್ಲಾದ ಈಸ್ಟ್ ಕ್ವಾಡ್‌ನ ಕೋಣೆ ಖಾಲಿ ಮಾಡಿದಳು. ಏಳು ರಟ್ಟಿನ ಪೆಟ್ಟಿಗೆ, ಎರಡು ದಿಂಬು, ಒಣಗಿಹೋದ ಒಂದು ತುಳಸಿ ಗಿಡ. ಅಲ್ಲಿಂದ, ಮಿಶಿಗನ್‌ನದೇ ಕ್ಯಾಂಟನ್ ಊರಿನ ನಮ್ಮ ಮನೆಗೆ ಅರ್ಧ ಗಂಟೆಯ ದಾರಿ. ಅಷ್ಟು ದೂರಕ್ಕೆ ಎರಡು ವರ್ಷ ಹಿಡಿಯಿತು ಎಂದು ನನ್ನ ಹೆಂಡತಿ ಕಾರಿನಲ್ಲಿ ನಕ್ಕಳು.

ಇವಳು ಆ ವಿಶ್ವವಿದ್ಯಾಲಯದೊಳಗಿನ ರೆಸಿಡೆನ್ಷಿಯಲ್ ಕಾಲೇಜಿಗೆ ಸೇರಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ನಡೆದ ಯುದ್ಧದ ವರದಿ ನಿಮ್ಮಲ್ಲಿ ಕೆಲವರಿಗೆ ಆಗಾಗ ತಲುಪಿದೆ. ನಾನು ಬೇಡ ಎನ್ನುವ ಪಕ್ಷ; ಪೂರ್ತಿಯಾಗಿ ಮತ್ತೆ ಒಪ್ಪಿಸುವುದಿಲ್ಲ. ಪೆಟ್ಟಿಗೆ ಹೊತ್ತ ಕನ್ನಡ ಕೂಟದ ಹುಡುಗರಿಗೆ, ಪರೀಕ್ಷೆಯ ವಾರಗಳಲ್ಲಿ ಪುಳಿಯೋಗರೆ ಗೊಜ್ಜು ಕಳಿಸಿದ ಪಕ್ಕದ ಬೀದಿಯ ಅಕ್ಕನಿಗೆ, ತಾಳ್ಮೆಗೆಡದ ಅವಳ ಸಲಹೆಗಾರರಿಗೆ, ಜಗಳದ ಹೊತ್ತಿನಲ್ಲಿ ಟಿವಿ ಸದ್ದು ಕಡಿಮೆ ಮಾಡುತ್ತಿದ್ದ ಮಗನಿಗೆ ನನ್ನ ನಮಸ್ಕಾರ. ಹೆಂಡತಿಗೆ ಇಲ್ಲಿ ಧನ್ಯವಾದ ಹೇಳಿದರೆ ಬೈಯುತ್ತಾಳೆ.

ಉಳಿದದ್ದೆಲ್ಲ ಮೇಷ್ಟ್ರ ಪಾಲು. ಹೆಸರು ಹಾಕಿದರೆ ಮಾತು ಬಿಡುತ್ತೇನೆ ಎಂದಿದ್ದಾನೆ. ಮಂಡ್ಯ ಕಡೆಯ ಒಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು, ನನ್ನ ಹಳೆಯ ಹಾಸ್ಟೆಲ್ ಜೊತೆಗಾರ. ಅಷ್ಟು ಸಾಕು.

ಊರಿನವರಿಗಾಗಿ ಎರಡು ಮಾತು. ಮಿಶಿಗನ್ ವಿಶ್ವವಿದ್ಯಾಲಯ ಒಂದು ದೊಡ್ಡ ಜಾತ್ರೆ. ಆ ಜಾತ್ರೆಯೊಳಗೆ ಒಂದು ಸಣ್ಣ ಮಠ ಇದ್ದಂತೆ ಈ ರೆಸಿಡೆನ್ಷಿಯಲ್ ಕಾಲೇಜು. 1967ರಲ್ಲಿ ಶುರುವಾದದ್ದು. ಪದವಿ ಕೊಡುವುದು ವಿಶ್ವವಿದ್ಯಾಲಯವೇ. ಬೇಕಾದರೆ ಜೀವಶಾಸ್ತ್ರವನ್ನೇ ಓದಬಹುದು, ನನ್ನ ಮಗಳು ಓದುತ್ತಿರುವುದೂ ಅದನ್ನೇ. ಆದರೆ ಮೊದಲ ಎರಡು ವರ್ಷ ಈಸ್ಟ್ ಕ್ವಾಡ್‌ನಲ್ಲೇ ಇರಬೇಕು. ಪಾಠವೂ ಅಲ್ಲೇ, ಊಟವೂ ಅಲ್ಲೇ. ಒಂದು ಪರಭಾಷೆಯನ್ನು ಹಟ ಹಿಡಿದು ಕಲಿಯಬೇಕು: ಸೆಮಿಸ್ಟರ್‌ಗೆ 8 ಕ್ರೆಡಿಟ್, ಅಂದರೆ ಹೆಚ್ಚುಕಡಿಮೆ ಅರ್ಧ ಓದು ಅದಕ್ಕೇ. ಬೇರೆಯವರು ಒಂದು ವರ್ಷದಲ್ಲಿ ಕಲಿಯುವುದನ್ನು ಇವರು ಒಂದು ಸೆಮಿಸ್ಟರ್‌ನಲ್ಲಿ ಮುಗಿಸುತ್ತಾರೆ. ಮಧ್ಯಾಹ್ನದ ಊಟಕ್ಕೂ ಆ ಭಾಷೆಯದ್ದೇ ಒಂದು ಮೇಜು. ಉಪ್ಪು ಬೇಕೆಂದರೂ ಅದರಲ್ಲೇ ಕೇಳಬೇಕು. ಮಗಳು ಆರಿಸಿಕೊಂಡದ್ದು ಜರ್ಮನ್. ಕೋರ್ಸ್ ಮುಗಿದಾಗ ಅಂಕದ ಜೊತೆಗೆ, ಈ ಹುಡುಗಿ ಹೇಗೆ ಕಲಿತಳು ಎಂದು ಅಧ್ಯಾಪಕರು ಬರೆದುಕೊಡುತ್ತಾರೆ.

ನನ್ನ ವಾದ ಸರಳವಾಗಿತ್ತು. ಅದೇ ವಿಶ್ವವಿದ್ಯಾಲಯ, ಅದೇ ಪದವಿ, ಮನೆಯಿಂದಲೇ ಓಡಾಡಬಹುದು. ಈ ಹೆಚ್ಚಿನ ಕಷ್ಟ ಯಾಕೆ? ಅವಳಿಗೂ ಪೂರ್ತಿ ಧೈರ್ಯವಿರಲಿಲ್ಲ. ಒಂದು ದಿನ ಸೇರುತ್ತೇನೆ ಎನ್ನುತ್ತಿದ್ದಳು, ಮರುದಿನ ಬೇಡ ಎನ್ನುತ್ತಿದ್ದಳು. ಮೇ 1ರೊಳಗೆ ತಿಳಿಸಬೇಕಿತ್ತು. ಏಪ್ರಿಲ್ 30ರ ರಾತ್ರಿ ನಾನು ಹೇಳಿದ್ದು: "ನಿನ್ನ ಕೈಯಲ್ಲಿ ಆಗುವುದಿಲ್ಲ." ಅವಳು ಏನೂ ಹೇಳದೆ ಎದ್ದುಹೋಗಿ ಬಾಗಿಲು ಹಾಕಿಕೊಂಡಳು. ಅಳುವುದೂ ಕೇಳಿಸಲಿಲ್ಲ. ಅಳು ಕೇಳಿಸಿದ್ದರೆ ಹೋಗಿ ಬಾಗಿಲು ತಟ್ಟುತ್ತಿದ್ದೆ.

ರಾತ್ರಿ ಹತ್ತಕ್ಕೆ ಗ್ಯಾರೇಜಿನಲ್ಲಿ ಕುಳಿತು ಮೇಷ್ಟ್ರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಏಳೂವರೆ, ಕಾರ್ಮಿಕ ದಿನದ ರಜೆ. ಅಣ್ಣನ ಮಗಳ ಮದುವೆಯೆಂದು ಛತ್ರದಲ್ಲಿದ್ದ. ನಾನು ಎಲ್ಲವನ್ನೂ ಹೇಳಿದೆ. ಅವನು ಮೊದಲು ತಮಾಷೆಗೇ ಇಳಿದ. "ಜರ್ಮನ್ ತಾನೇ? ಕಿಟೆಲ್ ಸಾಹೇಬರು 1894ರಲ್ಲಿ ನಮಗೊಂದು ನಿಘಂಟು ಕೊಟ್ಟು ಸಾಲ ಹೊರಿಸಿ ಹೋಗಿದ್ದಾರೆ. ನಿನ್ನ ಮಗಳು ಬಡ್ಡಿಯನ್ನಾದರೂ ಕಟ್ಟಲಿ ಬಿಡು." ನಾನು ನಗಲಿಲ್ಲ. ಅವನೂ ಸುಮ್ಮನಾದ. ಆಮೇಲೆ ಕೇಳಿದ: "ನಿನ್ನ ಟ್ರಂಕಿನ ಕಥೆ ಅವಳಿಗೆ ಹೇಳಿದ್ದೀಯಾ?"

ಹೇಳಿರಲಿಲ್ಲ. ಮಕ್ಕಳಿಗಿರಲಿ, ಇಲ್ಲಿನ ಯಾರಿಗೂ ಹೇಳಿರಲಿಲ್ಲ. 1994ರಲ್ಲಿ ಮೈಸೂರಿನ ಒಂದು ವಸತಿ ಕಾಲೇಜಿನಲ್ಲಿ ನನಗೂ ಸೀಟು ಸಿಕ್ಕಿತ್ತು. ಕನ್ನಡ ಮಾಧ್ಯಮದಿಂದ ಬಂದವನು. ತರಗತಿಯಲ್ಲಿ ಬಾಯಿ ತೆರೆಯಲಾಗುತ್ತಿರಲಿಲ್ಲ. ಹದಿನಾಲ್ಕನೆಯ ವಾರ ಒಂದು ರಾತ್ರಿ ಟ್ರಂಕು ಕಟ್ಟಿದೆ. ಅದರ ಇನ್ನೊಂದು ಕಿವಿ ಹಿಡಿದು ಬಸ್ ನಿಲ್ದಾಣದವರೆಗೆ ಬಂದವನು ಮೇಷ್ಟ್ರು. ಊರಲ್ಲಿ ಕಾಮಾಲೆಯಾಗಿತ್ತು ಎಂದು ಹೇಳಿದೆವು. ಆಮೇಲೆ ಬೇರೆ ಕಾಲೇಜು, ಬೇರೆ ದಾರಿ, ಕೊನೆಗೆ ಅಮೆರಿಕ. ಕಾಮಾಲೆಯ ಸುಳ್ಳನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಪಥ್ಯ ಮಾಡಿದ್ದು ಕೂಡ ನೆನಪಿದೆ.

"ಅವತ್ತು ನಾನು ನಿನ್ನನ್ನು ತಡೆಯಬೇಕಿತ್ತು" ಎಂದ. "ಟ್ರಂಕು ಹಿಡಿಯಬಾರದಿತ್ತು." ಅವನ ದನಿ ಒಡೆದಿತ್ತು. ಇಷ್ಟು ವರ್ಷ ನಾನು ನನ್ನ ಸೋಲನ್ನು ಒಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಇನ್ನೊಂದು ಕಿವಿಯನ್ನು ಅವನು ಬಿಟ್ಟೇ ಇರಲಿಲ್ಲ.

ನಾಲ್ಕು ಗಂಟೆ ಮಾತಾಡಿದೆವು. ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು ಎನ್ನುವುದು ಹೆಚ್ಚು ನಿಜ. ನಡುವೆ ಗಟ್ಟಿಮೇಳ ಕೇಳಿಸಿತು; ಧಾರೆಗೆ ಅಕ್ಷತೆ ಹಾಕಲೂ ಒಳಗೆ ಹೋಗಲಿಲ್ಲ. ಊಟಕ್ಕೆ ಬಾ ಎಂದು ಯಾರೋ ಎರಡು ಸಲ ಕೂಗಿದರು. ಸೇರಿಸು ಎಂದಾಗಲಿ ಬೇಡ ಎಂದಾಗಲಿ ಅವನು ಒಮ್ಮೆಯೂ ಹೇಳಲಿಲ್ಲ. ಎರಡು ಗಂಟೆಗೆ ನಾನು ಹೋಗಿ ಮಗಳ ಬಾಗಿಲು ತಟ್ಟಿದೆ. ಎದ್ದೇ ಇದ್ದಳು. ಟ್ರಂಕಿನ ಕಥೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಅಪ್ಪಾ, ಇನ್ನೂ ಒಂದು ವಾರ ಇದ್ದಿದ್ದರೆ?" ನನ್ನ ಬಳಿ ಉತ್ತರವಿರಲಿಲ್ಲ. ಬೆಳಿಗ್ಗೆ ಎದ್ದಾಗ ಅವಳು ಒಪ್ಪಿಗೆ ಕಳಿಸಿ ಆಗಿತ್ತು.

ಇದಕ್ಕೇ ಈ ಬರಹ ಎಂದುಕೊಂಡು ಹೋದ ವಾರ ಬರೆಯಲು ಕುಳಿತಾಗ, ಮಗಳು ಇನ್ನೊಂದು ಸುದ್ದಿ ಹೇಳಿದಳು. ಮೊದಲ ವರ್ಷದ ಅಕ್ಟೋಬರ್‌ನಲ್ಲಿ, ಬೆಳಗಿನ ಜಾವ ಮೂರಕ್ಕೆ, ಇವಳೂ ಪೆಟ್ಟಿಗೆ ಕಟ್ಟಿದ್ದಳಂತೆ. ಅರ್ಧ ಗಂಟೆ ದೂರದ ನನಗಲ್ಲ, ಮೇಷ್ಟ್ರಿಗೆ ಫೋನ್ ಮಾಡಿದ್ದಳು. ಅವನು ಶಾಲೆಯಲ್ಲಿ ಬಿಸಿಯೂಟ ಬಡಿಸುವ ಹೊತ್ತು. "ಬಿಡುವುದಾದರೆ ಬಿಡಮ್ಮ, ಆದರೆ ರಾತ್ರಿ ಬಿಡಬೇಡ. ತಿಂಡಿ ತಿಂದು ಬಿಡು. ನಿಮ್ಮಪ್ಪ ಹಸಿದುಕೊಂಡು ರಾತ್ರಿ ಬಸ್ ಹತ್ತಿದ" ಎಂದನಂತೆ. ಬೆಳಗಾಗುವವರೆಗೂ ಫೋನ್ ಇಡಲಿಲ್ಲ. ಎರಡು ತರಗತಿಗಳನ್ನು ಬೇರೆ ಮೇಷ್ಟ್ರಿಗೆ ವಹಿಸಿದ. ಇವಳು ತಿಂಡಿ ತಿಂದಳು, ಜರ್ಮನ್ ತರಗತಿಗೆ ಹೋದಳು, ಪೆಟ್ಟಿಗೆ ಬಿಚ್ಚಿದ್ದು ಭಾನುವಾರ.

ನನಗೆ ಹೇಳಲಿಲ್ಲವಲ್ಲ ಎಂದು ಎರಡು ದಿನ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಫೋನ್ ಮಾಡಿ ಇವನನ್ನೇ ಬೈದೆ. "ನಿನಗೆ ಹೇಳಿದ್ದರೆ ಕಾರು ತಂದುಬಿಡುತ್ತಿದ್ದೆ" ಎಂದ. ತರುತ್ತಿದ್ದೆ, ನಿಜ.

ಡಿಸೆಂಬರ್‌ನಲ್ಲಿ ನಾವು ನಾಲ್ವರೂ ಊರಿಗೆ ಬರುತ್ತಿದ್ದೇವೆ. ನನ್ನಿಂದಾಗಿ ಅಣ್ಣನ ಮಗಳ ಮದುವೆಯಲ್ಲೇ ಊಟ ತಪ್ಪಿಸಿಕೊಂಡ ಎಂದು ಅವನ ಹೆಂಡತಿ ಈಗಲೂ ಎತ್ತಿ ಆಡುತ್ತಾರೆ. ಆ ಮೆನುವಿನ ಪಟ್ಟಿಯನ್ನು ಅವರಿಂದಲೇ ತರಿಸಿಕೊಂಡಿದ್ದೇನೆ: ಕಾಯಿ ಹೋಳಿಗೆ, ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ಡಿಸೆಂಬರ್‌ನಲ್ಲಿ ಮಾವಿನಕಾಯಿ ಸಿಗುವುದಿಲ್ಲ, ನಿಂಬೆಹಣ್ಣಿನಲ್ಲಿ ಸುಧಾರಿಸಿಕೊಳ್ಳಬೇಕು. ಬಡಿಸುವವಳು ಮಗಳು, ಉಪ್ಪು ಬೇಕಾದರೆ ಮೇಷ್ಟ್ರು ಜರ್ಮನ್‌ನಲ್ಲೇ ಕೇಳಬೇಕಂತೆ.